ತೆಂಕಲ ಬಾಗಿಲ ಮನೆಗಳು

ನಾನು ಒಂದು ಕಾಲದಲ್ಲಿ ಪುರಸಭೆಯ ಮೆಂಬರಾಗಿದ್ದೆ ಎಂದರೆ ನಮ್ಮ ಮನೆಯ ಮಕ್ಕಳು ನಗುತ್ತಾರೆ. ನಗಲಿ. ಎಪ್ಪತ್ತರ ದಶಕದಲ್ಲಿ ನಮ್ಮೂರ ಪುರಸಭೆಯಲ್ಲಿ ಹೆಂಗಸರಿಗೆಂದು ಮೀಸಲಿಟ್ಟ ಜಾಗವೊಂದಿತ್ತು. ಅದಕ್ಕೆ ಬಾಯಿ ಮುಚ್ಚಿಕೊಂಡು ರುಜು ಹಾಕುವ ಒಬ್ಬ ಗೃಹಿಣಿ ಬೇಕಾಗಿದ್ದಳು. ಮೇಷ್ಟ್ರ ಹೆಂಡತಿ, ರುಜು ಹಾಕಲು ಬರುತ್ತದೆ ಎಂದು ನನ್ನನ್ನು ಹಿಡಿದರು. ಬಾಯಿಯ ವಿಷಯವನ್ನು ಮಾತ್ರ ಯಾರಲ್ಲೂ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ನಮ್ಮ ಅತ್ತೆಯೇ ಮನಸಾರೆ ಹೇಳುತ್ತಿದ್ದರು.

ಊರು ಯಾವುದೆಂದು ಹೇಳುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರರಲ್ಲಿ ಒಂದು ಅಂದುಕೊಳ್ಳಿ. ಅಧ್ಯಕ್ಷರ ಮೊಮ್ಮಕ್ಕಳು ಇವತ್ತಿಗೂ ನನ್ನನ್ನು ಕಂಡರೆ ಗಾಡಿ ನಿಲ್ಲಿಸಿ ‘ಚೆನ್ನಾಗಿದ್ದೀರಾ ಅಜ್ಜಿ’ ಎನ್ನುತ್ತಾರೆ. ಅವರ ಮನೆಯ ಬಾಗಿಲಿನ ವಿಚಾರ ಈ ಕಥೆಯಲ್ಲಿ ಬರುವುದರಿಂದ ಊರಿನ ಹೆಸರನ್ನು ಬಿಡುತ್ತಿದ್ದೇನೆ.

ಸಭೆಯಲ್ಲಿ ನನಗೆ ಕೊಟ್ಟದ್ದು ಬಾಗಿಲ ಪಕ್ಕದ ಕುರ್ಚಿ. ಗಂಡಸರ ಮಧ್ಯೆ ಕೂರಿಸಿದರೆ ಚೆನ್ನಾಗಿ ಕಾಣುವುದಿಲ್ಲವಂತೆ. ಮೊದಲು ನನಗೆ ಮೈಯೆಲ್ಲ ಉರಿದುಹೋಗಿತ್ತು. ಆಮೇಲೆ ನೋಡಿದರೆ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಕುರ್ಚಿಯೇ ಇರಲಿಲ್ಲ. ಕಷ್ಟ ಹೇಳಿಕೊಳ್ಳಲು ಬಂದವರು ಅಧ್ಯಕ್ಷರ ತನಕ ಹೋಗಲಾರದೆ ಬಾಗಿಲಲ್ಲೇ ನಿಲ್ಲುತ್ತಿದ್ದರು, ನಿಂತವರು ನನ್ನ ಕಿವಿಗೆ ಹೇಳುತ್ತಿದ್ದರು. ಯಾರ ಚರಂಡಿ ಯಾರ ಅಂಗಳಕ್ಕೆ ಹರಿಯುತ್ತದೆ, ಯಾರ ಗೋಡೆ ಬೀದಿಗೆ ಎಷ್ಟು ಬಂದಿದೆ, ಎಲ್ಲವೂ ನನಗೆ ಮೊದಲು ಗೊತ್ತಾಗುತ್ತಿತ್ತು.

ನಮ್ಮೂರ ಕೆರೆ ಏರಿ ಒಡೆದದ್ದು ಒಂದು ಹಿಂಗಾರು ಮಳೆಯಲ್ಲಿ. ಶಿವನಸಮುದ್ರದ ಕರೆಂಟು ಊರಿಗೆಲ್ಲ ಬಂದು ಎಷ್ಟೋ ಕಾಲವಾಗಿದ್ದರೂ ಕೆರೆಯ ಕೆಳಗಿನ ಬೀದಿಗೆ ಬಂದಿರಲಿಲ್ಲ, ನೀರು ಮಾತ್ರ ನೆಟ್ಟಗೆ ಅಲ್ಲಿಗೇ ಬಂತು. ಮಣ್ಣಿನ ಗೋಡೆಗಳು ಒಂದರ ಮೇಲೊಂದು ಕುಸಿದವು. ಪುಣ್ಯಕ್ಕೆ ಹಗಲಾಗಿತ್ತು, ಜನ ಉಳಿದರು, ಮನೆಗಳು ಉಳಿಯಲಿಲ್ಲ. ಗಂಜಿ ಬೇಯಿಸೋಣ ಎಂದರೆ ಊರಿನಲ್ಲಿ ಒಣ ಸೌದೆ ಒಂದು ಕಡ್ಡಿಯೂ ಇರಲಿಲ್ಲ. ಕೊನೆಗೆ ಊರಾಚೆಯ ಆಲೆಮನೆಯವನೊಬ್ಬ ತನ್ನ ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೂ ಸೂರಿನಡಿ ಒಟ್ಟಿದ್ದ ಕಬ್ಬಿನ ಸಿಪ್ಪೆಯನ್ನೂ ಬಿಟ್ಟುಕೊಟ್ಟ. ಅದರಲ್ಲಿ ಕಾಸಿದ ಅನ್ನದ ಗಂಜಿಗೆ ಬೆಲ್ಲದ ವಾಸನೆ. ಮಕ್ಕಳು ಅದನ್ನು ಪಾಯಸ ಎಂದುಕೊಂಡು ಮತ್ತೆ ಮತ್ತೆ ತಟ್ಟೆ ಒಡ್ಡಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಸಂತೆ ಮಾಳದಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಸಿ ಆ ಬೀದಿಯವರನ್ನು ಇಳಿಸಿದೆವು. ಸಂತೆಯ ವ್ಯಾಪಾರಿಗಳು ಜಾಗ ಹೋಯಿತೆಂದು ಜಗಳಕ್ಕೆ ಬಂದರು, ಅದನ್ನು ಹೇಗೋ ಸಮಾಧಾನ ಮಾಡಿದೆವು. ಆಮೇಲೆ ಪರಿಹಾರದ ಮನೆಗಳು ಮಂಜೂರಾದವು. ಜಾಗ ಯಾವುದು ಎನ್ನುವುದಕ್ಕೇ ಒಂದು ಚಳಿಗಾಲ ಕಳೆಯಿತು. ಪ್ರತಿ ಬೀದಿಯವರೂ ಕೊಡಿ, ಪಾಪ, ಕೊಡಲೇಬೇಕು, ನಮ್ಮ ಪಕ್ಕ ಬೇಡ ಎಂದರು. ಕಡೆಗೆ ದೊಡ್ಡ ರಸ್ತೆಯ ಬಡಗಲ ಮಗ್ಗುಲಲ್ಲಿ ಪುರಸಭೆಯದೇ ಉದ್ದನೆಯ ಖಾಲಿ ಜಾಗವಿತ್ತು, ಅದೇ ಗಟ್ಟಿಯಾಯಿತು.

ನಕ್ಷೆಯನ್ನು ಮೇಜಿನ ಮೇಲೆ ಹರಡಿ ಮೂಲೆಗಳಿಗೆ ಕಾಫಿ ಲೋಟ ಇಟ್ಟು ತೋರಿಸಿದರು. ಒಂದೇ ಸಾಲು, ಕೆಂಪು ಹೆಂಚು, ಬಾಗಿಲುಗಳೆಲ್ಲ ರಸ್ತೆಗೆ. ಮೈಸೂರಿಗೆ ಹೋಗುವ ಬರುವ ದೊಡ್ಡ ಅಧಿಕಾರಿಗಳು ಕಾರಿನಲ್ಲಿ ಕೂತೇ ನೋಡಬಹುದು, ನಮ್ಮ ಕೆಲಸ ಕಣ್ಣಿಗೆ ಬೀಳುತ್ತದೆ ಎಂದು ಅಧ್ಯಕ್ಷರು ಹಿಗ್ಗಿದರು. ನಾವೆಲ್ಲ ನೋಡಿದೆವು, ತಲೆಯಾಡಿಸಿದೆವು. ರಸ್ತೆಯ ಬಡಗಲ ಮಗ್ಗುಲಲ್ಲಿ ನಿಂತು ರಸ್ತೆಗೆ ಮುಖ ಮಾಡಿದ ಮನೆ ತೆಂಕಲಿಗೆ ನೋಡುತ್ತದೆ ಎನ್ನುವುದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಸ್ವಂತಕ್ಕೆ ಒಂದು ದನದ ಕೊಟ್ಟಿಗೆ ಕಟ್ಟಿಸುವಾಗಲೂ ದಿಕ್ಕು ಕೇಳುವ ಜನ ನಾವು.

ಮನೆಗಳು ಎದ್ದು ನಿಂತದ್ದು ಮುಂದಿನ ಆಷಾಢಕ್ಕೆ. ಬಾಗಿಲಿಗೆ ಹಸಿರು ಬಣ್ಣ, ಬೀಗ, ಎಲ್ಲ ಸಿದ್ಧ. ಗುಡಿಸಲಿನವರು ಬಂದು ರಸ್ತೆಯಲ್ಲಿ ನಿಂತು ನೋಡಿ, ಕೈಮುಗಿದು, ವಾಪಸು ಹೋದರು. ಆಷಾಢದಲ್ಲಿ ಯಾರು ಹೊಸ ಮನೆ ಸೇರುತ್ತಾರೆ ಎಂದು ನಾವೂ ಸುಮ್ಮನಿದ್ದೆವು. ಶ್ರಾವಣ ಬಂತು. ಗುಡಿಸಲುಗಳು ಸೋರತೊಡಗಿದ್ದವು, ಗರಿ ಕೊಳೆತು ಹುಳ ಬೀಳುತ್ತಿತ್ತು. ಆದರೂ ಬೀಗದ ಕೈ ಕೇಳಿಕೊಂಡು ಒಂದು ನರಪಿಳ್ಳೆಯೂ ಪುರಸಭೆಯ ಮೆಟ್ಟಿಲು ಹತ್ತಲಿಲ್ಲ. ಮೆಂಬರುಗಳಿಗೆ ಕೋಪ ಬಂತು. ಕೊಬ್ಬು ಎಂದರು ಒಬ್ಬರು. ಇವರಿಗೆ ಬಂಗಲೆ ಬೇಕೇನೋ ಎಂದರು ಇನ್ನೊಬ್ಬರು.

ನನಗೆ ನಿಜ ತಿಳಿದದ್ದು ಸೊಪ್ಪಿನವಳಿಂದ. ಅವಳೂ ಕೆರೆ ಕೆಳಗಿನ ಬೀದಿಯವಳು. ಗಂಡ ಸತ್ತ ಮೇಲೆ ದಂಟು, ಕೀರೆ, ಹೊನಗೊನೆ ಬುಟ್ಟಿಯಲ್ಲಿಟ್ಟುಕೊಂಡು ಬೀದಿ ಬೀದಿ ಮಾರಿ ಒಬ್ಬಳೇ ಮಗಳನ್ನು ಬೆಳೆಸಿ ಬೆಸಗರಹಳ್ಳಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದಳು. ಮಗಳಿಗೆ ಈಗ ಚೊಚ್ಚಲು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಅದು ನಮ್ಮ ಕಡೆ ಕೂಲಿಯವರಿಂದ ಹಿಡಿದು ಜಮೀನ್ದಾರರ ತನಕ ಯಾರೂ ಮೀರದ ಮಾತು. ಬೀಗರು ಕೇಳಿ ಕಳಿಸಿದ್ದರಂತೆ, ನಮ್ಮ ಸೊಸೆಯನ್ನು ಯಾವ ಮನೆಗೆ ಕಳಿಸಬೇಕು ಎಂದು. ಗುಡಿಸಲಿಗಂತೂ ಅವರು ಕಳಿಸುವುದಿಲ್ಲ.

‘ಮನೆ ಕೊಟ್ಟಿದ್ದೀವಲ್ಲ’ ಎಂದೆ ನಾನು, ಸ್ವಲ್ಪ ಬಿಗುವಾಗಿಯೇ.

ಅವಳು ಬುಟ್ಟಿ ಇಳಿಸಿ ನನ್ನ ಮುಖ ನೋಡಿದಳು. ‘ತೆಂಕ್ಲ ಬಾಗ್ಲು ಕಣವ್ವ ಅವು. ನಾನೊಬ್ಳೆ ಆಗಿದ್ರೆ ಓಗಿ ಬಿದ್ಕತಿದ್ದೆ, ಯಮ ಬಂದ್ರೆ ಬರ್ಲಿ ಅಂತಿದ್ದೆ. ತುಂಬಿದ್ ಬಸುರೀನ ಆ ಬಾಗ್ಲಲ್ಲಿ ಒಳಕ್ ಕರೀಲಾ? ನೀನಾಗಿದ್ರೆ ನಿನ್ ಮಗಳ್ನ ಕರೀತಿದ್ದಾ?’

ತೆಂಕಲು ಯಮನ ದಿಕ್ಕು ಎನ್ನುವುದನ್ನು ನಾನು ನಂಬುತ್ತೇನೆಯೇ ಎಂದು ಕೇಳಿದರೆ ಹಗಲು ಹೊತ್ತು ನಂಬುವುದಿಲ್ಲ. ಆದರೆ ಅವಳ ಪ್ರಶ್ನೆಗೆ ನನ್ನ ಒಳಗಿನಿಂದ ಬಂದ ಉತ್ತರ ‘ಇಲ್ಲ’ ಎಂದೇ. ನಾನು ಕರೆಯದ ಬಾಗಿಲಿನಲ್ಲಿ ಅವಳು ಕರೆಯಲಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವತ್ತೇ, ನಕ್ಷೆ ಹಾಕಿದ್ದ ಓವರ್‌ಸಿಯರ್ ಹತ್ತಿರ ಹೋದೆ. ಆತ ಪುರೋಹಿತರ ಮನೆತನದವರು, ಪಂಚಾಂಗ ನೋಡದೆ ಕ್ಷೌರಕ್ಕೂ ಕೂರುತ್ತಿರಲಿಲ್ಲ. ಇಷ್ಟು ತಿಳಿದವರು ಬಾಗಿಲು ಹೀಗೇಕೆ ಇಟ್ಟಿರಿ ಎಂದು ಕೇಳಿದೆ. ಆತ ನಿಜವಾಗಿ ಆಶ್ಚರ್ಯಪಟ್ಟರು. ‘ಅದು ಸರ್ಕಾರಿ ಕಟ್ಟಡ ಅಲ್ವೇನಮ್ಮ. ಆಸ್ಪತ್ರೆಗೆ ದಿಕ್ಕು ನೋಡ್ತೀವಾ, ಪೋಸ್ಟಾಫೀಸಿಗೆ ನೋಡ್ತೀವಾ?’

ಆಗ ನನಗೆ ಅರ್ಥವಾಯಿತು. ಆತ ಕೆಟ್ಟವರಲ್ಲ, ಮೇಜಿನ ಸುತ್ತ ಕೂತಿದ್ದ ನಾವೂ ಕೆಟ್ಟವರಲ್ಲ. ನಾವು ಕೊಟ್ಟ ಮನೆಯಲ್ಲಿ ಮದುವೆ, ಹೆರಿಗೆ, ಹಬ್ಬ ಎಲ್ಲ ಆಗುತ್ತದೆ ಎಂದು ನಮ್ಮ ಯಾರ ತಲೆಗೂ ಬಂದಿರಲಿಲ್ಲ, ಅಷ್ಟೆ. ಅದಕ್ಕೆ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು.

ಶ್ರಾವಣದ ಸಭೆಯಲ್ಲಿ ಅಧ್ಯಕ್ಷರು ವಿಷಯ ತೆಗೆದರು. ಜನಕ್ಕೆ ಬೇಡವಾದ ಮನೆಗಳನ್ನು ಬೀಗ ಹಾಕಿ ಇಡುವುದೇಕೆ, ಗೊಬ್ಬರದ ಗೋದಾಮಿಗೆ ಜಾಗ ಕೇಳುತ್ತಿದ್ದಾರೆ, ಮಧ್ಯದ ಗೋಡೆ ತೆಗೆದು ಕೊಟ್ಟುಬಿಡೋಣ ಎಂದರು. ಬಹಳ ಜನ ತಲೆ ಆಡಿಸಿದರು. ಕಾರಣ ತೆಂಕಲ ಬಾಗಿಲು ಎನ್ನುವುದು ಅಷ್ಟು ಹೊತ್ತಿಗೆ ಎಲ್ಲರ ಕಿವಿಗೂ ಬಿದ್ದಿತ್ತು, ಮೂಢನಂಬಿಕೆಯ ಮೇಲೆ ಭಾಷಣಗಳು ಶುರುವಾದವು. ಚಂದ್ರನ ಮೇಲೆ ಮನುಷ್ಯ ಇಳಿದ ಕಾಲದಲ್ಲಿ ಇದೇನು ದಿಕ್ಕು ದಿಸೆ ಎಂದು ಒಬ್ಬರು ಕೇಳಿದರು. ಮೇಜು ಕುಟ್ಟಿದವರೂ ಇದ್ದರು.

ನಾನು ಬಾಗಿಲ ಪಕ್ಕದ ಕುರ್ಚಿಯಿಂದ ಎದ್ದೆ. ಒಂದೇ ಒಂದು ಪ್ರಶ್ನೆ ಇದೆ, ಎಲ್ಲರೂ ಉತ್ತರ ಹೇಳಬೇಕು ಎಂದೆ. ನಿಮ್ಮ ನಿಮ್ಮ ಮನೆಯ ತಲೆಬಾಗಿಲು ಯಾವ ಕಡೆಗಿದೆ?

ಮೊದಲು ಯಾರಿಗೂ ಅರ್ಥವಾಗಲಿಲ್ಲ, ಚಂದ್ರನ ಮೆಂಬರು ‘ಮೂಡಲಿಗೆ’ ಎಂದು ಹೆಮ್ಮೆಯಿಂದ ಹೇಳಿಬಿಟ್ಟರು. ಪಕ್ಕದವರು ಬಡಗಲು ಎಂದರು. ಮೂರನೆಯವರ ಹೊತ್ತಿಗೆ ಸಭೆಗೆ ವಾಸನೆ ಹತ್ತಿತು, ದನಿಗಳು ಸಣ್ಣಗಾದವು. ಹೇಳದವರ ಪರವಾಗಿ ನಾನೇ ಹೇಳಿದೆ. ವೋಟು ಕೇಳಲು ಊರೆಲ್ಲ ಸುತ್ತಿ ಎಲ್ಲರ ಹೊಸ್ತಿಲ ಮುಂದೆಯೂ ನಿಂತವಳು ನಾನು. ತೆಂಕಲು ಎನ್ನುವ ಮಾತು ಆ ಕೋಣೆಯಲ್ಲಿ ಒಂದು ಸಲವೂ ಬರಲಿಲ್ಲ. ಕೊನೆಗೆ ಅಧ್ಯಕ್ಷರೊಬ್ಬರೇ ಉಳಿದರು.

ಅವರ ಮನೆ ಪೇಟೆ ಬೀದಿಯ ಬಡಗಲ ಮಗ್ಗುಲಲ್ಲಿ, ನಮ್ಮ ಪರಿಹಾರದ ಮನೆಗಳ ಹಾಗೆಯೇ. ಬೀದಿಯ ಕಡೆಗೆ ಕಬ್ಬಿಣದ ದೊಡ್ಡ ಗೇಟು. ಗೇಟು ದಾಟಿ ಒಳಗೆ ಹೋದರೆ ಎದುರಿಗೆ ಬರೀ ಕಿಟಕಿ. ಬಲಕ್ಕೆ ತಿರುಗಿ, ತೆಂಗಿನ ಮರ ಬಳಸಿಕೊಂಡು, ಬಚ್ಚಲ ನೀರಿನ ಕಾಲುವೆ ದಾಟಿ, ಆ ಮೇಲೆ ಮೂಡಲಿಗೆ ತಲೆಬಾಗಿಲು. ಮಳೆಗಾಲದಲ್ಲಿ ಅಲ್ಲಿ ಜಾರಿ ಬೀಳದ ನೆಂಟರಿರಲಿಲ್ಲ. ನಾನು ಹೆಚ್ಚೇನೂ ಹೇಳಲಿಲ್ಲ. ‘ತಮ್ಮ ಬಾಗಿಲು ಹುಡುಕಿಕೊಂಡು ಬರುವಾಗ ನಾನೂ ಒಂದ್ಸಲ ಜಾರಿದೀನಿ, ಅಧ್ಯಕ್ಷರೆ’ ಎಂದೆ.

ಆ ಮನುಷ್ಯ ನಕ್ಕರು. ಅವರ ಬಗ್ಗೆ ಏನು ಬೇಕಾದರೂ ಹೇಳಿ, ನಗುವಾಗ ಹೊಟ್ಟೆಯಿಂದ ನಗುತ್ತಿದ್ದರು. ನಕ್ಕು ಮುಗಿಸಿ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡು, ‘ಆಯ್ತು ಕಣಮ್ಮ, ಬಾಗ್ಲ ತಿರುಗ್ಸಾಣ’ ಎಂದರು. ‘ಎತ್ಲಾಗೆ ತಿರುಗ್ಸೀಯೆ? ಇಂದ್ಗಡೆ ಬಡಗ್ಲಲ್ಲಿ ಓಣಿ ಅದೆ. ಓಣಿ ತುಂಬ ನಿಮ್ಮ ಬೀದಿಯೋರ ತಿಪ್ಪೆ ಅದೆ. ನಿಮ್ಮತ್ತೆ ತಿಪ್ಪೇನೆ ಅಲ್ಲೆಲ್ಲ ದೊಡ್ಡದು. ಗೌರಿ ಅಬ್ಬದೊಳಗೆ ನೀನು ಅದ ತಗಿಸ್ಬುಡು, ನಾನು ಬಾಗ್ಲ ತಿರುಗಿಸ್ಕೊಡ್ತೀನಿ. ತಗಿಸ್ನಿಲ್ಲ ಅಂದ್ರೆ ಗೋದಾಮು.’

ಈ ಸಲ ಇಡೀ ಸಭೆ ನಕ್ಕಿತು. ನಮ್ಮತ್ತೆಯನ್ನು ಊರಿಗೆ ಊರೇ ಬಲ್ಲದು. ಗೆದ್ದೆ ಎಂದು ಎದ್ದು ನಿಂತಿದ್ದವಳು ಸೋತವಳ ಹಾಗೆ ಕುರ್ಚಿಗೆ ಕುಸಿದೆ.

ತಿಪ್ಪೆಯ ವಿಚಾರ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮದು ಬೇಸಾಯಗಾರರ ಬೀದಿ. ಹಿತ್ತಿಲ ಬೇಲಿಯಾಚೆ ಓಣಿ, ಕಾಗದದಲ್ಲಿ ಅದು ಪುರಸಭೆಯದು. ಆದರೆ ನಮ್ಮ ಮಾವನವರ ಅಜ್ಜನ ಕಾಲದಿಂದಲೂ ಅಲ್ಲಿ ಒಬ್ಬೊಬ್ಬರದೂ ಒಂದೊಂದು ತಿಪ್ಪೆಗುಂಡಿ, ಪಕ್ಕದಲ್ಲಿ ಹುಲ್ಲಿನ ಮೆದೆ. ಕೊಟ್ಟಿಗೆಯ ಸಗಣಿ, ಗಂಜಲ, ಒಲೆಯ ಬೂದಿ, ಕಸ ಎಲ್ಲ ಅಲ್ಲಿಗೆ. ವರ್ಷಕ್ಕೊಮ್ಮೆ ಗಾಡಿಯಲ್ಲಿ ಹೊಲಕ್ಕೆ. ಯಾರ ಮನೆ ಎಷ್ಟು ಗಟ್ಟಿ ಎಂದು ಹೆಣ್ಣು ಕೊಡುವವರು ಹಿತ್ತಿಲಿಗೆ ಬಂದು ತಿಪ್ಪೆ ನೋಡಿ ಅಂದಾಜು ಮಾಡುತ್ತಿದ್ದರು, ನನ್ನಪ್ಪನೂ ನೋಡಿದ್ದರಂತೆ. ಅದು ಲಕ್ಷ್ಮಿ ಎಂದು ದೀಪಾವಳಿಯಲ್ಲಿ ಅದರ ಮೇಲೆ ದೀಪ ಇಡುತ್ತೇವೆ. ಮಂಗಳವಾರ, ಶುಕ್ರವಾರ ಅದರಿಂದ ಒಂದು ಬುಟ್ಟಿಯನ್ನೂ ಎತ್ತುವುದಿಲ್ಲ.

ನಾನು ಮನೆಗೆ ಬಂದು ಅತ್ತೆಗೆ ಹೇಳಿದ ರೀತಿಯೂ ಸರಿಯಿರಲಿಲ್ಲ ಅನ್ನಿಸುತ್ತದೆ. ಸಭೆಯ ಮಾತು ನಾಲಿಗೆಯಲ್ಲೇ ಇತ್ತು. ಓಣಿ ಸಾರ್ವಜನಿಕ ಆಸ್ತಿ, ತೆರವು ಮಾಡಬೇಕು ಎಂದೆ. ಅವರು ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟರು.

‘ನನ್ ತಿಪ್ಪೆ ತಗಿಸಕ್ಕಾ ನಿನ್ನ ಮೆಂಬ್ರು ಮಾಡಿದ್ದು? ಅವ್ರು ಯಮ ಬತ್ತಾನೆ ಅಂತ ಬಾಗ್ಲ ತಿರುಗಿಸ್ಕಂತರೆ, ನಾನು ಲಕ್ಸ್ಮೀನ ಎತ್ತಿ ಆಚೆಗ್ ಎಸೀಲಾ? ಅವ್ರ ನಂಬಿಕೆ ನಂಬಿಕೆ, ನನ್ದು ಕಸವಾ?’

ನ್ಯಾಯವಾದ ಪ್ರಶ್ನೆ. ಪುರಸಭೆಯ ಮೆಂಬರುಗಳನ್ನೆಲ್ಲ ಒಂದು ಪ್ರಶ್ನೆಯಲ್ಲಿ ಕೂರಿಸಿದ್ದ ನನ್ನನ್ನು ಅಕ್ಷರ ಬಾರದ ನಮ್ಮತ್ತೆ ಒಂದು ಪ್ರಶ್ನೆಯಲ್ಲಿ ಕೂರಿಸಿದರು. ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಮುದ್ದೆ ನನ್ನ ತಟ್ಟೆಗೆ ದೊಪ್ಪನೆ ಬೀಳುತ್ತಿತ್ತು. ನಮ್ಮೆಜಮಾನರು ಅತ್ತ ತಾಯಿಗೂ ಹೇಳಲಾರದೆ ಇತ್ತ ನನಗೂ ಹೇಳಲಾರದೆ ಬೆಳಿಗ್ಗೆ ಬೇಗನೆ ಸ್ಕೂಲಿಗೆ ಹೊರಟುಬಿಡುತ್ತಿದ್ದರು. ಬೀದಿಯ ಗಂಡಸರು ಜಗಲಿಯ ಮೇಲೆ ಕೂತು, ಮೊದಲು ಅವರ ಮನೆಯ ತಿಪ್ಪೆ ತೆಗೆಯಲಿ, ಆಮೇಲೆ ನಮ್ಮದು ನೋಡೋಣ ಎಂದು ನನಗೆ ಕೇಳುವ ಹಾಗೆಯೇ ಮಾತಾಡುತ್ತಿದ್ದರು. ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಬೆಸಗರಹಳ್ಳಿ ಕಡೆಯ ಬೀಗರು ಮತ್ತೆ ಹೇಳಿ ಕಳಿಸಿದ್ದರು, ಹಬ್ಬದ ತನಕ ಕಾಯುತ್ತೇವೆ, ಆಮೇಲೆ ಹೆರಿಗೆ ನಮ್ಮಲ್ಲೇ ಎಂದು. ಸೊಪ್ಪಿನವಳು ಬೀದಿಯಲ್ಲಿ ಕೂಗುವ ದನಿಯೇ ಇಳಿದುಹೋಗಿತ್ತು. ನನಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಒಳಗೆ ಒಲೆಯ ಮುಂದೆ ಇದ್ದೆ. ಜಗಲಿಯಲ್ಲಿ ಅತ್ತೆ ಸೊಪ್ಪಿನವಳ ಜೊತೆ ಒಂದು ಹಿಡಿ ದಂಟಿಗಾಗಿ ಎಂದಿನಂತೆ ಜಗಳವಾಡುತ್ತಿದ್ದರು. ಆ ಜಗಳ ಎಷ್ಟೋ ವರ್ಷಗಳದು, ಇಬ್ಬರಿಗೂ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ. ಅವತ್ತು ಅವಳು ಜಗಳವಾಡದೆ ಹಿಡಿ ಸೊಪ್ಪು ಹೆಚ್ಚಿಗೆ ಹಾಕಿಬಿಟ್ಟಳು. ಅದು ಅತ್ತೆಗೆ ಸರಿಬರಲಿಲ್ಲ. ಏನಾಯಿತು ನಿನಗೆ, ಮಗಳನ್ನು ಯಾವಾಗ ಕರೆತರುತ್ತೀಯೆ ಎಂದು ಕೇಳಿದರು. ಕರೆತರುವುದಿಲ್ಲ ಎಂದಳು ಅವಳು. ಗುಡಿಸಲಲ್ಲಿ ಹಾವು ಬರುತ್ತದೆ, ಬಸುರಿಯನ್ನು ಅಲ್ಲಿ ಹೇಗೆ ಮಲಗಿಸಲಿ, ಅತ್ತೆ ಮನೆಯಲ್ಲೇ ಹೆರಲಿ, ನನ್ನ ಹಣೆಬರಹ ಎಂದಳು. ನಮ್ಮ ತಿಪ್ಪೆಯ ಹೆಸರೆತ್ತಲಿಲ್ಲ. ಬುಟ್ಟಿ ಹೊತ್ತು ಹೋದಳು.

ಅತ್ತೆ ಬಹಳ ಹೊತ್ತು ಜಗಲಿಯಿಂದ ಒಳಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಸೊಪ್ಪು ಬಿಡಿಸದೆ ಹಾಗೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಕಡೆ ತಿರುಗದೆಯೇ ಮಾತಾಡಿದರು. ಎಷ್ಟೋ ದಿನದ ಮೇಲೆ ಬಂದ ಮೊದಲ ಮಾತು.

‘ನನ್ ಚೊಚ್ಚಲು ಪ್ಲೇಗಿನ ವರ್ಸ ಕಣಮ್ಮಿ. ತವರೂರ್ನಾಗೆ ಊರೇ ಬುಟ್ಟಿದ್ರು. ನಮ್ಮವ್ವ ಒಲದಲ್ಲಿ ಗುಡ್ಲು ಆಕಂಡು ಅಲ್ಲೇ ಕರ್ಕಂಡ್ಳು. ಮಳೆ. ಸುತ್ತ ನೀರು. ಆ ಮಗ ಉಳೀನಿಲ್ಲ.’

ನಾನು ಆ ಮನೆಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾಗಿತ್ತು, ನಮ್ಮೆಜಮಾನರಿಗಿಂತ ಮುಂಚೆ ಒಂದು ಮಗು ಇತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಅವರ ಪಕ್ಕದಲ್ಲಿ ಕೂತೆ. ಅತ್ತುಬಿಟ್ಟೆ. ಅವರು ಅಳಲಿಲ್ಲ. ಸೊಪ್ಪನ್ನು ಮೊರಕ್ಕೆ ಹಾಕಿ ಸೆರಗು ಕೊಡವಿಕೊಂಡು ಎದ್ದರು. ಇವತ್ತು ಯಾವ ವಾರ ಎಂದು ಕೇಳಿದರು. ಮಂಗಳವಾರ ಎಂದೆ.

‘ಅಂಗಾರೆ ನಾಳೀಕೆ. ಮೊದಲ್ನೆ ಬುಟ್ಟಿ ನಾನೇ ಎತ್ತೀನಿ. ಒಸ ಗುಂಡಿ ಎಲ್ಲಿ ಅಂತ ನಿಮ್ ಪುರಸಬೆಯೋರು ತೋರಿಸ್ಲಿ, ಅಲ್ಲಿ ದೀಪ ಇಕ್ಕಿ ಆಮ್ಯಾಕೆ ಸುರುವಬೇಕು. ಲಕ್ಸ್ಮೀನ ಬೀದೀಲಿ ನಿಲ್ಲಿಸ್ಬ್ಯಾಡಿ.’

ನಾನು ತಲೆ ಕೂಡ ಬಾಚಿಕೊಳ್ಳದೆ ಪುರಸಭೆಗೆ ಓಡಿದೆ. ಅಧ್ಯಕ್ಷರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕುರ್ಚಿಯಿಂದ ಎದ್ದು, ತಾವೇ ಬಂದು ಕೆರೆಯ ಹಿಂದಿನ ಪುರಸಭೆಯ ಬೀಳು ಜಾಗವನ್ನು ಬೇಸಾಯಗಾರರ ತಿಪ್ಪೆಗೆಂದು ತೋರಿಸಿದರು. ಸಂಜೆಗೆ ಓವರ್‌ಸಿಯರು ಮನೆಗೊಂದು ಗುಂಡಿಯಂತೆ ಗುರುತು ಹಾಕಿದರು. ಇದು ನ್ಯಾಯ. ಜನರ ಜಾಗ ಬಿಡಿಸುವ ಮೊದಲು ಅವರಿಗೊಂದು ಜಾಗ ತೋರಿಸುವುದು ಪುರಸಭೆಯ ಕೆಲಸ, ಇದನ್ನು ನಾನು ಆಮೇಲೆ ಪ್ರತಿ ಸಭೆಯಲ್ಲೂ ಕಿವಿ ತೂತಾಗುವ ಹಾಗೆ ಹೇಳಿದ್ದೇನೆ.

ಬುಧವಾರ ಬಿಸಿಲೇರುವ ಹೊತ್ತಿಗೆ ನಮ್ಮ ಗಾಡಿ ಓಣಿಯಲ್ಲಿ ನಿಂತಿತ್ತು. ಅತ್ತೆ ಸೀರೆ ಎತ್ತಿಕಟ್ಟಿ, ತಿಪ್ಪೆಗೆ ಕೈಮುಗಿದು, ಮೊದಲ ಬುಟ್ಟಿ ತುಂಬಿಸಿಕೊಂಡು ತಲೆಗೇರಿಸಿದರು. ಎರಡನೆಯದನ್ನು ನಾನು ಹೊತ್ತೆ, ಮೆಂಬರಮ್ಮ ತಿಪ್ಪೆ ಹೊರುತ್ತಾಳೆ ಎಂದು ಹೆಂಗಸರೆಲ್ಲ ಬೇಲಿಯ ಮೇಲಿಂದ ಇಣುಕಿದರು. ನಮ್ಮೆಜಮಾನರು ಆ ದಿನ ಸ್ಕೂಲಿಗೆ ರಜೆ ಹಾಕಿ ಪಂಚೆ ಎತ್ತಿಕಟ್ಟಿ ಹಾರೆ ಹಿಡಿದರು. ಮದುವೆಯಾದ ಮೇಲೆ ಅವರನ್ನು ಅಷ್ಟು ಇಷ್ಟಪಟ್ಟ ದಿನ ಇನ್ನೊಂದಿಲ್ಲ.

ನಮ್ಮ ಗಾಡಿ ಎರಡನೆಯ ಸಲ ಹೊರಡುವಾಗ ಅತ್ತೆ ಪಕ್ಕದ ಮನೆಯ ಜಗಲಿಯ ಮುಂದೆ ನಿಂತರು. ಅಲ್ಲಿ ಕೂತಿದ್ದ ಗಂಡಸರಿಗೆ ಎದ್ದು ಹೋಗಲು ದಾರಿಯೇ ಇರಲಿಲ್ಲ.

‘ನನ್ ತಿಪ್ಪೇನೆ ಓಯ್ತು. ನಿನ್ದೇನ್ಲಾ, ನಂದಕ್ಕಿಂತ ದೊಡ್ಡದಾ? ಗಾಡಿ ಕಟ್ಲಾ.’

ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಓಣಿಯಿಂದ ಕೆರೆಯ ಹಿಂದಿನ ತನಕ ಗಾಡಿಗಳ ಸಾಲು. ಎತ್ತುಗಳ ಗೆಜ್ಜೆ, ಬೈಗುಳ, ನಗು, ಊರಿಗೆಲ್ಲ ಹರಡಿದ ವಾಸನೆ. ಪುರಸಭೆಯ ಜವಾನರು ಬಂದು ಕೈಹಾಕಿದರು. ಸಂತೆ ಮಾಳದ ಗುಡಿಸಲುಗಳಿಂದ ಜನ ಎದ್ದು ಬಂದರು, ಯಾರೂ ಕರೆದಿರಲಿಲ್ಲ. ಇಷ್ಟು ದಿನ ಇವರ ತಿಪ್ಪೆ, ಅವರ ಬಾಗಿಲು ಎಂದು ಮುಖ ತಿರುಗಿಸುತ್ತಿದ್ದವರು ಒಬ್ಬರ ಬುಟ್ಟಿಗೆ ಒಬ್ಬರು ಕೈ ಕೊಟ್ಟು ಎತ್ತಿಸಿದರು. ಅಧ್ಯಕ್ಷರು ನೋಡಿ ಹೋಗೋಣವೆಂದು ಬೆಳ್ಳನೆಯ ಪಂಚೆ ಉಟ್ಟು ಬಂದರು. ಅತ್ತೆ ಅವರ ಕೈಗೂ ಒಂದು ಬುಟ್ಟಿ ಕೊಟ್ಟರು. ಅವರು ತಕರಾರು ಮಾಡದೆ ತೆಗೆದುಕೊಂಡರು. ಶುಕ್ರವಾರ ಯಾರೂ ಗುಂಡಿ ಮುಟ್ಟಲಿಲ್ಲ, ಶನಿವಾರ ಓಣಿ ಗುಡಿಸಿದ ಅಂಗಳದಂತಾಯಿತು. ಓಣಿಯ ಒಂದು ತುದಿಯಿಂದ ಇನ್ನೊಂದು ತುದಿ ಕಾಣುತ್ತದೆ ಎನ್ನುವುದನ್ನು ನಾನು ನೋಡಿದ್ದು ಅದೇ ಮೊದಲು.

ಅಧ್ಯಕ್ಷರು ಮಾತು ಉಳಿಸಿಕೊಂಡರು. ಹಿಂದಿನ ಗೋಡೆ ಒಡೆದು ಬಡಗಲಿಗೆ ಬಾಗಿಲು, ರಸ್ತೆಯ ಕಡೆಯ ಬಾಗಿಲಿದ್ದಲ್ಲಿ ಅರ್ಧ ಗೋಡೆ ಕಟ್ಟಿ ಕಿಟಕಿ. ಮೊದಲ ಬಾಗಿಲು ನಿಲ್ಲಿಸುವ ದಿನ ಓವರ್‌ಸಿಯರು ಕೈಚೀಲದಿಂದ ಪಂಚಾಂಗ ತೆಗೆದು, ರಾಹುಕಾಲ ಕಳೆಯಲಿ ಎಂದು ಗಾರೆಯವರನ್ನು ತಡೆದರು. ಸರ್ಕಾರಿ ಕಟ್ಟಡಕ್ಕೂ ರಾಹುಕಾಲವೇ ಸ್ವಾಮಿ ಎಂದು ನಾನು ಕೇಳಿದೆ. ಆತ ಕೇಳಿಸದವರ ಹಾಗೆ ಬಾಗಿಲ ಚೌಕಟ್ಟಿಗೆ ಅರಿಶಿನ ಹಚ್ಚುತ್ತಿದ್ದರು. ಆಮೇಲೆ ಆ ಸಾಲಿನ ಎಲ್ಲ ಬಾಗಿಲಿಗೂ ಅವರೇ ಅರಿಶಿನ ಕುಂಕುಮ ಹಚ್ಚಿದರು, ಕಾಸು ಕೇಳಲಿಲ್ಲ. ದೊಡ್ಡ ಅಧಿಕಾರಿಗಳ ಕಾರುಗಳಿಗೆ ಈಗ ಕಾಣುತ್ತಿದ್ದದ್ದು ಬರೀ ಕಿಟಕಿಗಳ ಸಾಲು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಗೌರಿ ಹಬ್ಬ ಮುಗಿದು ಪಿತೃಪಕ್ಷ ಹಿಡಿಯುವ ಮೊದಲು ಎಲ್ಲ ಮನೆಗಳಲ್ಲೂ ಹಾಲುಕ್ಕಿತು. ಸೊಪ್ಪಿನವಳ ಮನೆ ನಮ್ಮ ಹಿತ್ತಿಲ ಬೇಲಿಗೆ ನೇರವಾಗಿ, ನಮ್ಮ ತಿಪ್ಪೆಗುಂಡಿ ಮುಚ್ಚಿದ ಜಾಗಕ್ಕೇ ತಾಗಿ ಅವಳ ಹೊಸ್ತಿಲು. ಅವಳ ಮಗಳು ಬಸ್ಸಿನಿಂದ ಇಳಿದು ಓಣಿಯಲ್ಲಿ ಮೆಲ್ಲಗೆ ನಡೆದು ಬಂದದ್ದನ್ನು ನಾನು ಬೇಲಿಯ ಹತ್ತಿರ ನಿಂತು ನೋಡಿದೆ. ಬೀಗಿತ್ತಿ ಬಾಗಿಲು ಯಾವ ಕಡೆಗಿದೆ ಎಂದು ನೋಡಿ, ಮನೆಯ ಸುತ್ತ ಒಂದು ಸುತ್ತು ಹಾಕಿ, ಸರಿ ಎಂದು ತಲೆಯಾಡಿಸಿದ ಮೇಲೆಯೇ ಸೊಸೆಯನ್ನು ಒಳಗೆ ಬಿಟ್ಟಳು. ಸೊಪ್ಪಿನವಳು ಹೊಸ್ತಿಲಲ್ಲೇ ಆರತಿ ಎತ್ತಿದಳು. ನನಗೆ ವೋಟು ಗೆದ್ದ ದಿನವೂ ಅಷ್ಟು ಹೆಮ್ಮೆಯಾಗಿರಲಿಲ್ಲ.

ದಸರೆ ಕಳೆದು ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು. ಅತ್ತೆ ಬೇಲಿಯ ಮೇಲಿಂದಲೇ ಬಾಣಂತಿಗೆ ಮೆಣಸಿನ ಸಾರು ಸಾಕೆ, ಬೆಳ್ಳುಳ್ಳಿ ಹಾಕಿದ್ದೀರಾ ಎಂದು ವಿಚಾರಣೆ ನಡೆಸುತ್ತಿದ್ದರು. ಒಂದು ಹಿಡಿ ಸೊಪ್ಪಿನ ಜಗಳವೂ ಮೊದಲಿನ ಹಾಗೆ ಶುರುವಾಗಿತ್ತು.

ದೀಪಾವಳಿಯ ದಿನ ನಸುಗತ್ತಲಾಗುತ್ತಿದ್ದಂತೆ ಅತ್ತೆ ಹಣತೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಟರು. ಕೊಟ್ಟಿಗೆಗೆ ಒಂದು, ಒರಳಿಗೆ ಒಂದು, ಬಾವಿಗೆ ಒಂದು. ಕೆರೆಯ ಹಿಂದಿನ ಹೊಸ ತಿಪ್ಪೆಗೆ ಮೊಮ್ಮಗನ ಕೈಲಿ ಒಂದನ್ನು ಆಗಲೇ ಕಳಿಸಿದ್ದರು. ಹಿತ್ತಿಲ ಬಾಗಿಲು ತೆಗೆದದ್ದು ಕೇಳಿಸಿತು. ಪ್ರತಿ ವರ್ಷದ ಅಭ್ಯಾಸ, ಮರೆತು ಹೋಗುತ್ತಿದ್ದಾರೆ ಎಂದುಕೊಂಡು ನಾನು ಹಿಂದೆಯೇ ಹೋದೆ. ಅವರು ಬೇಲಿ ದಾಟಿ, ಓಣಿ ದಾಟಿ, ಸೊಪ್ಪಿನವಳ ಹೊಸ್ತಿಲ ಮುಂದೆ ಬಗ್ಗಿ, ಸೆರಗಿನಿಂದ ಗಾಳಿಗೆ ಮರೆಮಾಡಿ ಹಣತೆ ಹಚ್ಚಿಟ್ಟು ಕೈಮುಗಿದರು. ಒಳಗೆ ಮಗು ಅಳುತ್ತಿತ್ತು, ಬಾಣಂತಿ ಜೋಗುಳ ಹೇಳುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಸೊಪ್ಪಿನವಳು ಬಾಗಿಲು ಹಿಡಿದುಕೊಂಡು ನೋಡುತ್ತಿದ್ದಳು.

ಅತ್ತೆ ತಿರುಗಿ ಬರುವಾಗ ನನ್ನನ್ನು ಕಂಡರು. ತಿಪ್ಪೆ ಅಲ್ಲಿಲ್ಲವಲ್ಲ ಅತ್ತೆಮ್ಮ ಎಂದೆ ನಾನು.

‘ನಂಗೊತ್ತಿಲ್ವಾ? ಜಾಗ ಅದೇ ಅಲ್ವಾ, ಲಕ್ಸ್ಮಿ ಅಲ್ಲೇ ಅವಳೆ. ತಟ್ಟೆ ಇಸ್ಕೊ ನಡಿ, ಒಲೆ ಮ್ಯಾಲೆ ಎಣ್ಣೆ ಇಟ್ಟು ಬಂದೀವ್ನಿ’ ಎಂದು ನನ್ನ ಕೈಗೆ ಖಾಲಿ ತಟ್ಟೆ ಕೊಟ್ಟು ಒಳಗೆ ಹೋದರು.